ಹೊಸೂರಿನಿಂದ ಬೆಂಗಳೂರಿಗೆ 85 ಕಿಲೋಮೀಟರ್: ಡಾ. ಎಚ್. ನರಸಿಂಹಯ್ಯನವರು ಮತ್ತು ನಮ್ಮ ಚಲನೆಯ ಪಾಠ

ನಮ್ಮ ಪ್ರೌಢಶಾಲೆಗೆ ಐವತ್ತು ತುಂಬಿದ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳು ಮನೆಗೆ ಬಂದು ಕೇಳಿದರು. ಶಾಲೆಗೆ ಜಾಗ ಕೊಟ್ಟವರು, ಕೊಠಡಿ ಕಟ್ಟಿಸಿದವರು, ಹಿಂದಿನ ಮುಖ್ಯೋಪಾಧ್ಯಾಯರು, ಇವರನ್ನೆಲ್ಲ ಕುರಿತು ಬರೆಯುವವರು ಬೇರೆ ಇದ್ದಾರೆ. ನಾನು ಇಲ್ಲಿ ವಿಜ್ಞಾನ ಹೇಳಿಕೊಟ್ಟವನು. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದಿದ್ದರೂ ನನ್ನ ಒಂಬತ್ತನೆಯ ತರಗತಿಯಲ್ಲಿ ವರ್ಷ ವರ್ಷವೂ ಕುಳಿತಿದ್ದ ಒಬ್ಬ ವಿದ್ಯಾರ್ಥಿಯ ಬಗ್ಗೆ ಬರೆಯುತ್ತೇನೆ. ಅವರು ಡಾ. ಎಚ್. ನರಸಿಂಹಯ್ಯನವರು. ಎಲ್ಲರ ಬಾಯಲ್ಲಿ ಎಚ್ಚೆನ್.

ಮೊದಲು ನನ್ನ ತಪ್ಪೊಂದನ್ನು ಹೇಳಿಬಿಡಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಚಲನೆಯ ಪಾಠವನ್ನು ನಾನು ಬರೆಸುತ್ತಿದ್ದೆ, ಕಲಿಸುತ್ತಿರಲಿಲ್ಲ. ಜವ ಎಂದರೇನು, ವೇಗ ಎಂದರೇನು, ವೇಗೋತ್ಕರ್ಷ ಎಂದರೇನು ಎಂದು ಕಪ್ಪು ಹಲಗೆಯ ಮೇಲೆ ಬರೆಯುವುದು, ಮಕ್ಕಳು ನೋಟ್ ಪುಸ್ತಕಕ್ಕೆ ಇಳಿಸಿಕೊಳ್ಳುವುದು, ಮರುದಿನ ಒಪ್ಪಿಸುವುದು. ಒಪ್ಪಿಸುವುದರಲ್ಲಿ ನಮ್ಮ ಮಕ್ಕಳು ಗಟ್ಟಿಗರು. ಒಂದು ಕಿರುಪರೀಕ್ಷೆಯಲ್ಲಿ, ಮನೆಯಿಂದ ಶಾಲೆಗೆ ನಡೆದು ಬರುವ ನಿಮ್ಮ ಜವ ಎಷ್ಟಿರಬಹುದು ಎಂದು ಕೇಳಿದೆ. ತರಗತಿಯ ಜಾಣ ಹುಡುಗನೇ ಸೆಕೆಂಡಿಗೆ 20 ಮೀಟರ್ ಎಂದು ಬರೆದಿದ್ದ. ಅಂದರೆ ಗಂಟೆಗೆ 72 ಕಿಲೋಮೀಟರ್. ಹೆದ್ದಾರಿಯಲ್ಲಿ ಓಡುವ ಬಸ್ಸಿನಷ್ಟು! ಉತ್ತರವನ್ನು ತರಗತಿಯಲ್ಲಿ ಓದಿ ಹೇಳಿದೆ. ಒಬ್ಬರೂ ನಗಲಿಲ್ಲ. ಅದು ತಪ್ಪೆಂದು ಯಾರಿಗೂ ಅನ್ನಿಸಿರಲೇ ಇಲ್ಲ. ಆ ದಿನ ನನಗಾದ ನಾಚಿಕೆ ಇನ್ನೂ ನೆನಪಿದೆ. ವ್ಯಾಖ್ಯೆ ಬಾಯಿಗೆ ಬಂದಿತ್ತು, ಆದರೆ ಅದಕ್ಕೂ ತಮ್ಮ ಕಾಲಿಗೂ ಸಂಬಂಧವಿದೆಯೆಂದು ಮಕ್ಕಳಿಗೆ ಹೊಳೆದಿರಲಿಲ್ಲ. ಹೊಳೆಯುವಂತೆ ನಾನು ಹೇಳಿಯೂ ಇರಲಿಲ್ಲ.

ಅದೇ ಸುಮಾರಿಗೆ ಎಚ್ಚೆನ್ ಅವರ ಬಾಲ್ಯದ ನಡಿಗೆಯ ಸಂಗತಿ ನನಗೆ ಪಾಠಕ್ಕೆ ಒದಗಿತು. ಅವರು ಹುಟ್ಟಿದ್ದು 1920ರ ಜೂನ್ 6ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಹೊಸೂರು ಎಂದ ಕೂಡಲೇ ನಮ್ಮ ಮಕ್ಕಳು ಅತ್ತಿಬೆಲೆಯ ಆಚೆಗಿನ ತಮಿಳುನಾಡಿನ ಹೊಸೂರನ್ನು ನೆನೆಯುತ್ತಾರೆ. ಅದಲ್ಲ. ಇದು ಆಗ ಕೋಲಾರ ಜಿಲ್ಲೆಗೆ ಸೇರಿದ್ದು, ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ನಮ್ಮ ದೊಡ್ಡಬಳ್ಳಾಪುರಕ್ಕೆ ನೆರೆಯ ತಾಲ್ಲೂಕು. ಅವರ ಹೆಸರಿನ ಹಿಂದಿರುವ ಎಚ್ ಅಕ್ಷರ ಈ ಊರಿನದೇ. ಬಡ ಕುಟುಂಬ, ಹಿಂದುಳಿದ ಸಮುದಾಯ. ಊರಿನ ಶಾಲೆಯಲ್ಲಿ ಓದು ಮುಗಿಯಿತು. ಮುಂದೆ ಓದಲು ಅಲ್ಲಿ ಹೈಸ್ಕೂಲ್ ಇರಲಿಲ್ಲ. ಬುದ್ಧಿವಂತ ಹುಡುಗ, ಓದಬೇಕೆಂಬ ಹಂಬಲ, ಆದರೆ ಊರಿನಲ್ಲಿ ಹೈಸ್ಕೂಲಿಲ್ಲ. ಆ ಕಾಲದ ಎಷ್ಟೋ ಹಳ್ಳಿಯ ಹುಡುಗರ ಓದು ನಿಂತಿದ್ದು ಇದೇ ಜಾಗದಲ್ಲಿ. ಇವರದೂ ನಿಲ್ಲುವುದರಲ್ಲಿತ್ತು.

ಹೊಸೂರಿನಲ್ಲಿ ಅವರಿಗೆ ಪಾಠ ಹೇಳಿದ್ದ ಮೇಷ್ಟ್ರು ಬೆಂಗಳೂರಿನಲ್ಲಿದ್ದರು. ಅವರ ಬೆಂಬಲವನ್ನು ನಂಬಿ, 1935ರಲ್ಲಿ, ಹದಿನೈದರ ಆಸುಪಾಸಿನ ನರಸಿಂಹಯ್ಯ ಬೆಂಗಳೂರಿಗೆ ಹೊರಟರು. ಗೌರಿಬಿದನೂರು, ದೊಡ್ಡಬಳ್ಳಾಪುರದ ಮೇಲೆ ಬೆಂಗಳೂರಿಗೆ ರೈಲು ಆಗಲೇ ಓಡುತ್ತಿತ್ತು. ಆದರೆ ರೈಲು ಕಾಸು ಕೇಳುತ್ತದೆ. ಹುಡುಗ ನಡೆದೇ ಹೊರಟ. ಎರಡು ದಿನ, ಸುಮಾರು 85 ಕಿಲೋಮೀಟರ್. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿಕೊಂಡ.

ಇಷ್ಟನ್ನು ಒಂಬತ್ತನೆಯ ತರಗತಿಯ ಮಕ್ಕಳ ಮುಂದೆ ಹೇಳಿ ಒಂದು ಪ್ರಶ್ನೆ ಹಾಕಿದೆ. ಆ ಹುಡುಗ ಎಷ್ಟು ಗಂಟೆ ನಡೆದಿರಬೇಕು? ಗೌರಿಬಿದನೂರಿನಿಂದ ಬೆಂಗಳೂರಿಗೆ ನೇರವಾದ ದಾರಿ ದೊಡ್ಡಬಳ್ಳಾಪುರ ದಾಟಿ, ನಮ್ಮ ಬಾಶೆಟ್ಟಿಹಳ್ಳಿಯ ಮುಂದೆಯೇ ಹಾದು, ರಾಜಾನುಕುಂಟೆ, ಯಲಹಂಕದ ಕಡೆಗೆ ಹೋಗುತ್ತದೆ. ಹಾಗಾದರೆ ಅವರು ನಮ್ಮೂರ ಮೇಲೆಯೇ ಹೋಗಿರುತ್ತಾರೆಂದು ಮಕ್ಕಳು ತೀರ್ಮಾನಿಸಿಬಿಟ್ಟರು. ನಾನು ಆ ಮಾತಿಗೆ ಅಡ್ಡ ಬರಲಿಲ್ಲ. ತರಗತಿಯ ಕಿಟಕಿಯಿಂದ ಎಲ್ಲರೂ ರಸ್ತೆಯ ಕಡೆ ಒಮ್ಮೆ ನೋಡಿದರು.

ಗಂಟೆ ಲೆಕ್ಕ ಹಾಕಲು ನಡಿಗೆಯ ಜವ ಬೇಕು. ಪುಸ್ತಕದಲ್ಲಿ ಹುಡುಕಬೇಡಿ, ಹೊರಗೆ ಬನ್ನಿ ಎಂದೆ. ಆಟದ ಮೈದಾನದಲ್ಲಿ ಟೇಪು ಹಿಡಿದು 50 ಮೀಟರ್ ಅಳೆದೆವು. ಕಾಂಪೌಂಡ್ ಗೋಡೆಯ ಮೇಲೆ ಎರಡೂ ಕಡೆ ಗುರುತು ಹಾಕಿದೆವು. ಒಬ್ಬೊಬ್ಬರಾಗಿ ನಡೆದರು, ನಾನು ಕೈಗಡಿಯಾರ ನೋಡಿದೆ. ಮೊದಲಿಗೆ ಎಲ್ಲರೂ ಪಂದ್ಯಕ್ಕೆ ನಿಂತವರಂತೆ ಓಡಿದರು. ಇದು ಓಟವಲ್ಲಪ್ಪಾ, ಎರಡು ದಿನ ನಡೆಯಬೇಕು, ಹಾಗೆ ನಡೆಯಿರಿ ಎಂದ ಮೇಲೆ ಕಾಲು ನಿಧಾನವಾಯಿತು. ಹೆಚ್ಚಿನವರಿಗೆ 40 ಸೆಕೆಂಡಿನ ಹತ್ತಿರ ಹಿಡಿಯಿತು. 50ನ್ನು 40ರಿಂದ ಭಾಗಿಸಿದರೆ ಸೆಕೆಂಡಿಗೆ 1.25 ಮೀಟರ್. ಅದನ್ನು 18ರಿಂದ ಗುಣಿಸಿ 5ರಿಂದ ಭಾಗಿಸಿದರೆ ಗಂಟೆಗೆ 4.5 ಕಿಲೋಮೀಟರ್. ಸೆಕೆಂಡಿಗೆ 20 ಮೀಟರ್ ಎಂದು ಯಾರಾದರೂ ಈಗ ಬರೆದರೆ ಪಕ್ಕದವರೇ ನಗುತ್ತಿದ್ದರು.

85ನ್ನು 4.5ರಿಂದ ಭಾಗಿಸಿದಾಗ ಹತ್ತೊಂಬತ್ತು ಗಂಟೆಗೆ ಸ್ವಲ್ಪ ಕಡಿಮೆ ಬಂತು. ದಿನಕ್ಕೆ ಒಂಬತ್ತೂವರೆ ಗಂಟೆ ನಡಿಗೆ. ಆ ಸಂಖ್ಯೆ ಹಲಗೆಯ ಮೇಲೆ ಬಂದಾಗ ಆದ ಮೌನವನ್ನು ಯಾವ ಭಾಷಣದಿಂದಲೂ ನಾನು ತರಲಾಗುತ್ತಿರಲಿಲ್ಲ. ಬೆಳಿಗ್ಗೆ ಪ್ರಾರ್ಥನೆಯಿಂದ ಸಂಜೆ ಗಂಟೆ ಹೊಡೆಯುವವರೆಗಿನ ನಮ್ಮ ಇಡೀ ಶಾಲೆಯ ದಿನವೂ ಅಷ್ಟು ಉದ್ದವಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಿರುವುದಿಲ್ಲವೇ, ರಾತ್ರಿ ಮಲಗಿರುವುದಿಲ್ಲವೇ ಎಂದು ಒಬ್ಬ ಕೇಳಿದ. ಸರಾಸರಿ ಜವ ಎಂಬ ಮಾತು ಅಲ್ಲಿ ತಾನಾಗಿಯೇ ಬಂತು. ಬೆಳಿಗ್ಗೆ ಆರಕ್ಕೆ ಹೊರಟು ಮರುದಿನ ಸಂಜೆ ಆರಕ್ಕೆ ಮುಟ್ಟಿದರೆಂದು ಇಟ್ಟುಕೊಳ್ಳೋಣ, ಒಟ್ಟು 36 ಗಂಟೆ. 85ನ್ನು 36ರಿಂದ ಭಾಗಿಸಿದರೆ ಗಂಟೆಗೆ ಸುಮಾರು 2.4 ಕಿಲೋಮೀಟರ್. ಕಾಲು ಆಡುವಾಗ ನಾಲ್ಕೂವರೆ, ಮಲಗಿದ್ದಾಗ ಸೊನ್ನೆ, ಒಟ್ಟಾರೆ ಎರಡೂ ಚಿಲ್ಲರೆ. ಅದೇ ದಾರಿಯನ್ನು ಗಂಟೆಗೆ 40 ಕಿಲೋಮೀಟರ್ ಓಡುವ ರೈಲು ಎರಡು ಗಂಟೆ ಎಂಟು ನಿಮಿಷದೊಳಗೆ ಮುಗಿಸುತ್ತದೆ. ಆ ಎರಡು ಗಂಟೆಗೂ ಎರಡು ದಿನಕ್ಕೂ ನಡುವಿನ ವ್ಯತ್ಯಾಸ ಒಂದು ಟಿಕೇಟು.

ಮರುದಿನ ದೂರ ಮತ್ತು ಕಾಲದ ನಕ್ಷೆ ಬರೆಸಿದೆ. ಅಡ್ಡಕ್ಕೆ ಗಂಟೆ, ಮೇಲಕ್ಕೆ ಕಿಲೋಮೀಟರ್. ನಡೆಯುವಾಗ ಗೆರೆ ಓರೆಯಾಗಿ ಏರುತ್ತದೆ, ರಾತ್ರಿ ನೆಲಕ್ಕೆ ಸಮನಾಗಿ ಮಲಗುತ್ತದೆ, ಬೆಳಗಾದರೆ ಮತ್ತೆ ಏರುತ್ತದೆ. ದಣಿದ ಕಾಲಿನ ಗೆರೆ ಎರಡನೆಯ ದಿನ ಸ್ವಲ್ಪ ಕಡಿಮೆ ಓರೆಯಾಗಿರಬೇಕೆಂದು ಮಕ್ಕಳೇ ಹೇಳಿದರು. ಇಳಿಜಾರು ಎಂದರೆ ಜವ ಎಂಬ ಮಾತನ್ನು ನಾನು ಬರೆಸಲೇ ಬೇಕಾಗಲಿಲ್ಲ. ಒಬ್ಬ ಹುಡುಗನ ನಕ್ಷೆಯಲ್ಲಿ ಮಾತ್ರ ಗೆರೆ ನಡುವೆ ಒಂದು ಕಡೆ ಕೆಳಕ್ಕೆ ಇಳಿದಿತ್ತು. ಕೆಂಪು ಶಾಯಿಯಲ್ಲಿ ತಪ್ಪು ಹಾಕಲು ಹೋದೆ. ಬುತ್ತಿಗಂಟನ್ನು ಮರದ ಕೆಳಗೆ ಮರೆತು ಬಂದಿದ್ದರು ಸಾರ್, ವಾಪಸ್ ಹೋಗಿ ತಂದರು ಎಂದ! ನನ್ನ ಲೇಖನಿ ನಿಂತಿತು. ನಡೆದ ದೂರ ಎಂದಿಗೂ ಕಡಿಮೆಯಾಗುವುದಿಲ್ಲ. ಹೊರಟ ಜಾಗದಿಂದ ಎಷ್ಟು ಆಚೆ ಇದ್ದೇವೆ ಎಂಬುದು ಮಾತ್ರ ಕಡಿಮೆಯಾಗಬಹುದು. ಅವನು ಬರೆದಿದ್ದು ದೂರವಲ್ಲ, ಸ್ಥಾನಪಲ್ಲಟ. ಎರಡರ ನಡುವಿನ ಭೇದವನ್ನು ನಾನು ನಾಲ್ಕು ವರ್ಷ ಬರೆಸಿಯೂ ಆಗದೆ ಇದ್ದದ್ದು ಆ ಬುತ್ತಿಗಂಟಿನಿಂದ ಒಂದೇ ದಿನದಲ್ಲಿ ಎಲ್ಲರಿಗೂ ಅರ್ಥವಾಯಿತು.

ಎಚ್ಚೆನ್ ಅವರ ಮುಂದಿನ ಕಥೆಗೆ ಬರುತ್ತೇನೆ. ನ್ಯಾಷನಲ್ ಹೈಸ್ಕೂಲ್ 1917ರಲ್ಲಿ ಆನಿ ಬೆಸೆಂಟರ ಪ್ರೇರಣೆಯಿಂದ ಹುಟ್ಟಿದ ಶಾಲೆ. ಬಡ ವಿದ್ಯಾರ್ಥಿಗಳಿಗೆಂದಿದ್ದ ಆಶ್ರಯದಲ್ಲಿ ಇದ್ದುಕೊಂಡು ಅವರು ಓದಿದರು. 1936ರಲ್ಲಿ ಗಾಂಧೀಜಿ ಆ ಶಾಲೆಗೆ ಬಂದರು. ಗಾಂಧೀಜಿಯವರ ಹಿಂದಿ ಮಾತನ್ನು ಕನ್ನಡಕ್ಕೆ ಹೇಳುವ ಭಾಗ್ಯ ಹಳ್ಳಿಯಿಂದ ನಡೆದು ಬಂದಿದ್ದ ಈ ಹುಡುಗನಿಗೆ ಸಿಕ್ಕಿತು. ಆ ದಿನದಿಂದ ಹಿಡಿದ ಖಾದಿಯನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಓದುತ್ತಿದ್ದಾಗ 1942ರ ಚಳವಳಿ ಬಂತು. ತರಗತಿ ಬಿಟ್ಟು ಚಳವಳಿಗೆ ಇಳಿದರು, ಜೈಲಿಗೆ ಹೋದರು. ಪುಣೆಯ ಯರವಾಡ ಜೈಲನ್ನೂ ಕಂಡರು. ಅಷ್ಟು ಕಷ್ಟಪಟ್ಟು ಹಿಡಿದ ಓದನ್ನು ಕೈಬಿಟ್ಟು ಹೋಗುವುದು ಎಷ್ಟು ದೊಡ್ಡ ನಿರ್ಧಾರವೆಂದು ಆ 85 ಕಿಲೋಮೀಟರ್ ಲೆಕ್ಕ ಮಾಡಿದ ಮಕ್ಕಳಿಗೆ ನಾನು ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊರಬಂದ ಮೇಲೆ ಮತ್ತೆ ಓದಿ ಎಂ.ಎಸ್ಸಿ. ಮುಗಿಸಿದರು. 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಅದು ಹಿಂದಿನ ವರ್ಷವಷ್ಟೇ ಆರಂಭವಾಗಿದ್ದ ಕಾಲೇಜು.

ಇಲ್ಲಿ ಸ್ವಲ್ಪ ನಮ್ಮೂರಿಗೆ ಮರಳುತ್ತೇನೆ. ಅಧ್ಯಾಪಕರಾಗಿ ಎಚ್ಚೆನ್ ಅವರು ಜೀವನದುದ್ದಕ್ಕೂ ಒತ್ತಿ ಹೇಳಿದ್ದು ಒಂದೇ ಸಂಗತಿ: ಏಕೆ, ಏನು, ಹೇಗೆ ಎಂದು ಕೇಳದೆ ಯಾವುದನ್ನೂ ಒಪ್ಪಬಾರದು, ಮೇಷ್ಟ್ರು ಹೇಳಿದರೂ ಒಪ್ಪಬಾರದು. ಇದನ್ನು ಮಕ್ಕಳಿಗೆ ಹೇಳುವುದು ಸುಲಭ, ಹೇಳಿದ ಮೇಲೆ ಮೇಷ್ಟ್ರ ಪಾಡು ಕಷ್ಟ. ತಳ್ಳದೆ ಇದ್ದರೆ ಚಲಿಸುವ ವಸ್ತು ಚಲಿಸುತ್ತಲೇ ಇರುತ್ತದೆ ಎಂದು ಒಮ್ಮೆ ನ್ಯೂಟನ್ನನ ಮೊದಲ ನಿಯಮ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ಅದು ಸುಳ್ಳು ಎಂದ. ತಳ್ಳುವುದು ಬಿಟ್ಟರೆ ಗಾಡಿ ನಿಲ್ಲುತ್ತದಲ್ಲ ಎಂದ. ಎರಡು ಸಾವಿರ ವರ್ಷ ಜಗತ್ತಿನ ದೊಡ್ಡ ಪಂಡಿತರೆಲ್ಲ ನಂಬಿದ್ದು ಅದನ್ನೇ. ಇಟಲಿಯ ಗೆಲಿಲಿಯೋ ಅದನ್ನು ಪ್ರಶ್ನಿಸಿದ. ನುಣುಪಾದ ಇಳಿಜಾರಿನಲ್ಲಿ ಗುಂಡು ಉರುಳಿಸಿ ನೋಡಿ, ಗುಂಡನ್ನು ನಿಲ್ಲಿಸುವುದು ಅದರ ಸ್ವಭಾವವಲ್ಲ, ಉಜ್ಜಾಟ ಎಂದು ಕಂಡುಕೊಂಡ.

ಆ ಹುಡುಗನ ಮನೆಯಲ್ಲಿ ಮಗ್ಗವಿತ್ತು. ದೊಡ್ಡಬಳ್ಳಾಪುರದ ಸುತ್ತ ವಿದ್ಯುತ್ ಮಗ್ಗದ ಸದ್ದು ಕೇಳದೆ ಬೆಳೆದ ಮಕ್ಕಳು ಕಡಿಮೆ. ನಿನ್ನ ಮನೆಯ ಲಾಳಿಯನ್ನು ನೋಡಿಕೊಂಡು ಬಾ ಎಂದೆ. ಹಾಸಿನ ನೂಲುಗಳ ನಡುವೆ ಲಾಳಿ ಈ ಕಡೆಯಿಂದ ಆ ಕಡೆಗೆ ಹಾರುವಾಗ ಅದನ್ನು ಯಾರು ತಳ್ಳುತ್ತಿರುತ್ತಾರೆ ಎಂದು ನೋಡು. ಮರುದಿನ ಬಂದು ಹೇಳಿದ. ಹೊರಡುವಾಗ ಒಂದು ಏಟು ಬೀಳುತ್ತದೆ, ಅಷ್ಟೇ. ನಡುವೆ ಯಾರೂ ತಳ್ಳುವುದಿಲ್ಲ. ಆ ಕಡೆಯ ಪೆಟ್ಟಿಗೆಯಲ್ಲಿ ಒತ್ತಿ ಹಿಡಿದು ನಿಲ್ಲಿಸದಿದ್ದರೆ ಹಾರಿ ಹೊರಗೆ ಬೀಳುತ್ತದೆ. ಜಡತ್ವ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಯಾವ ಪಠ್ಯದಲ್ಲೂ ಓದಿಲ್ಲ. ಆಮೇಲೆ ಬಸ್ಸು ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ಮುಗ್ಗರಿಸುವುದು, ಮಾಕಳಿದುರ್ಗದ ಏರಿನಲ್ಲಿ ರೈಲು ಏದುಸಿರು ಬಿಡುವುದು, ಇವೆಲ್ಲ ಒಂದರ ಹಿಂದೆ ಒಂದು ಪಾಠಕ್ಕೆ ಬಂದವು. ಆ ಹುಡುಗ ಹತ್ತನೆಯ ತರಗತಿಯ ನಡುವೆ ಶಾಲೆ ಬಿಟ್ಟು ಮಗ್ಗಕ್ಕೇ ಹೋದ. ಎರಡು ಸಲ ಮನೆಗೆ ಹೋಗಿ ಕರೆದೆ, ಬರಲಿಲ್ಲ. ಶಾಲೆಯ ಐವತ್ತು ವರ್ಷದ ಲೆಕ್ಕದಲ್ಲಿ ಅವನಂಥವರೂ ಇದ್ದಾರೆ.

ಹತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿದ ಮೇಲೆ, 1957ರಲ್ಲಿ, ಎಚ್ಚೆನ್ ಅವರು ಮತ್ತೆ ವಿದ್ಯಾರ್ಥಿಯಾದರು. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗಿ ಪರಮಾಣು ಬೀಜ ಭೌತಶಾಸ್ತ್ರದಲ್ಲಿ 1960ರಲ್ಲಿ ಡಾಕ್ಟರೇಟ್ ಪಡೆದರು. ಅಲ್ಲಿಯೇ ಉಳಿಯಬಹುದಿತ್ತು. ಉಳಿಯಲಿಲ್ಲ. ನ್ಯಾಷನಲ್ ಕಾಲೇಜಿಗೇ ಮರಳಿ, 1961ರಿಂದ ಪ್ರಿನ್ಸಿಪಾಲರಾದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು. ವಾರಕ್ಕೊಂದು ಉಪನ್ಯಾಸ, ಯಾರು ಬೇಕಾದರೂ ಬಂದು ಕೂರಬಹುದು, ದುಡ್ಡಿಲ್ಲ ಕಾಸಿಲ್ಲ. ದೊಡ್ಡ ದೊಡ್ಡ ವಿಜ್ಞಾನಿಗಳು ಸಾಮಾನ್ಯ ಜನರೆದುರು ನಿಂತು ತಮ್ಮ ಕೆಲಸವನ್ನು ವಿವರಿಸುತ್ತಿದ್ದರು. ನಾನು ಅವರನ್ನು ಕಂಡಿದ್ದು ಅಲ್ಲಿ, ದೂರದಿಂದ. ಬಿಳಿ ಖಾದಿ ಪಂಚೆ, ಜುಬ್ಬ, ತಲೆಗೆ ಗಾಂಧಿ ಟೋಪಿ. ಹಳ್ಳಿಯ ಯಾವ ಜಗಲಿಯ ಮೇಲೆ ಕೂತಿದ್ದರೂ ಯಾರೂ ತಿರುಗಿ ನೋಡದಂಥ ವೇಷ. ಹತ್ತಿರ ಹೋಗಿ ಮಾತನಾಡಿಸಬೇಕೆಂದುಕೊಂಡೆ, ಸಂಕೋಚವಾಗಿ ಕೊನೆಯ ಬಸ್ಸಿನ ನೆಪ ಮಾಡಿಕೊಂಡು ಎದ್ದು ಬಂದೆ. ಪ್ರಶ್ನೆ ಕೇಳಿ ಎಂದು ಮಕ್ಕಳಿಗೆ ಹೇಳುವ ಮೇಷ್ಟ್ರ ಧೈರ್ಯ ಅಷ್ಟೇ ಇತ್ತು.

1972ರಿಂದ 1977ರವರೆಗೆ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ವಿಶ್ವವಿದ್ಯಾಲಯದ ವತಿಯಿಂದ ಒಂದು ಸಮಿತಿ ರಚಿಸಿದರು. ದೇಶವೇ ಮಾತನಾಡಿಕೊಂಡಿತು. ಪರವಾಗಿ ಎಷ್ಟು ಜನವೋ ವಿರೋಧವಾಗಿಯೂ ಅಷ್ಟೇ ಜನ. ಅದರ ವಿವರ ಇಲ್ಲಿ ಬೇಡ. 1984ರಲ್ಲಿ ಪದ್ಮಭೂಷಣ ಬಂತು. ತಮ್ಮ ಬದುಕನ್ನು ಹೋರಾಟದ ಹಾದಿ ಎಂಬ ಪುಸ್ತಕವಾಗಿ ಬರೆದರು. ಅದು ನಮ್ಮ ಶಾಲೆಯ ಗ್ರಂಥಾಲಯದಲ್ಲೂ ಇರಬೇಕಾದ ಪುಸ್ತಕ.

ಇಷ್ಟು ದಿನ ನಾನು ಆ ನಡಿಗೆಯನ್ನು ಹೇಳುತ್ತಿದ್ದ ಧಾಟಿಯೇ ಬೇರೆ ಇತ್ತು. ನೋಡಿ, ಅವರು ಎಷ್ಟು ಕಷ್ಟಪಟ್ಟು ಓದಿದರು, ನಿಮಗೆ ಏನು ಕಡಿಮೆಯಾಗಿದೆ ಎಂಬ ಬುದ್ಧಿವಾದದ ಧಾಟಿ. ಒಂದು ವರ್ಷ, ಪಾಠ ಮುಗಿದು ಎಲ್ಲರೂ ಪುಸ್ತಕ ಮುಚ್ಚುವಾಗ, ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. ಸಾಮಾನ್ಯವಾಗಿ ಮಾತನಾಡದ ಹುಡುಗಿ. ಅದೇ ಜಾಗದಲ್ಲಿ ಹುಡುಗಿ ಇದ್ದಿದ್ದರೆ ರಾತ್ರಿ ಎಲ್ಲಿ ಮಲಗುತ್ತಿದ್ದಳು ಸಾರ್ ಎಂದು ಕೇಳಿದಳು. ನಕ್ಷೆಯಲ್ಲಿ ಆ ಮಲಗಿದ ಗೆರೆಯನ್ನು ಎಷ್ಟು ಸಲ ಬರೆಸಿದ್ದೆನೋ, ಅದರ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ. ಆ ಹುಡುಗಿಯ ಅಕ್ಕ ಏಳನೆಯ ತರಗತಿಗೇ ಓದು ಬಿಟ್ಟಿದ್ದಳು. ಅವರು ಮೊದಲಿದ್ದ ಊರಿನಿಂದ ಹೈಸ್ಕೂಲು ದೂರ, ಒಬ್ಬಳನ್ನೇ ಕಳಿಸಲು ಮನೆಯವರು ಒಪ್ಪಿರಲಿಲ್ಲ. ಇದು ನನಗೆ ಗೊತ್ತಾಗಿದ್ದು ಆಮೇಲೆ. ಅಕ್ಕನಿಗೆ ಆ ದಾರಿ 85 ಕಿಲೋಮೀಟರ್ ಕೂಡ ಅಲ್ಲ, ಆರೋ ಏಳೋ ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ಒಂದೂವರೆ ಗಂಟೆಯ ನಡಿಗೆ.

ಆ ದಿನ ನಾನು ಉತ್ತರ ಹೇಳಲಿಲ್ಲ, ಹೇಳಲು ಏನೂ ಇರಲಿಲ್ಲ. ಆದರೆ ಆ ಮೇಲೆ ಎಚ್ಚೆನ್ ಅವರ ಬದುಕಿನ ಇನ್ನೊಂದು ತುದಿಯನ್ನು ಪಾಠಕ್ಕೆ ಸೇರಿಸಿಕೊಂಡೆ. ಆ ನಡಿಗೆಯನ್ನು ಅವರು ಹಳ್ಳಿಯ ಮಕ್ಕಳಿಗೆ ಸಾಹಸವೆಂದು ತೋರಿಸಿ ಸುಮ್ಮನಾಗಲಿಲ್ಲ. ನ್ಯಾಷನಲ್ ಶಿಕ್ಷಣ ಸಂಸ್ಥೆಯ ಚುಕ್ಕಾಣಿ ಹಿಡಿದು ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ಕಾಲೇಜು ಕಟ್ಟಿದರು. ಆ ಕಡೆಯ ಮಕ್ಕಳು ಓದಿಗಾಗಿ ಬೆಂಗಳೂರಿನವರೆಗೆ ಬರಬೇಕಾಗಿಲ್ಲವೆಂದು. ತಾವು ಮಾತ್ರ ಮದುವೆಯಾಗದೆ, ಮನೆ ಕಟ್ಟಿಸದೆ, ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲಿಯೇ ಕಳೆದರು. ಕುಲಪತಿಯಾಗಿದ್ದವರು ಹೀಗಿದ್ದರೆಂದರೆ ಮಕ್ಕಳು ನಂಬುವುದಿಲ್ಲ. 2005ರ ಜನವರಿ 31ರಂದು ತೀರಿಕೊಂಡರು. ಮರುದಿನ ಬೆಳಿಗ್ಗೆ ಪ್ರಾರ್ಥನೆಯಲ್ಲಿ ಒಂದು ನಿಮಿಷ ಮೌನ ನಿಂತೆವು. ಆ ವರ್ಷದ ಒಂಬತ್ತನೆಯ ತರಗತಿಯವರು ಮಾತ್ರ ತಮ್ಮ ಮನೆಯವರೇ ಹೋದಂತೆ ನಿಂತಿದ್ದರು.

ಪ್ರಶ್ನೆ ಕೇಳಿದ ಹುಡುಗಿ ಎಸ್ಸೆಸ್ಸೆಲ್ಸಿ ಮುಗಿಸಿ ದೊಡ್ಡಬಳ್ಳಾಪುರದಲ್ಲಿ ಪಿಯುಸಿಗೆ ಸೇರಿದಳು. ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಈಗ ಎಲ್ಲಿದ್ದಾಳೋ, ಈ ಸಂಚಿಕೆ ಕೈಗೆ ಸಿಕ್ಕಿದರೆ ನನ್ನ ನೆನಪು ಸರಿಯಿದೆಯೇ ಎಂದು ಅವಳೇ ಹೇಳಬೇಕು.

ನಾವು ಗೋಡೆಯ ಮೇಲೆ ಹಾಕಿದ್ದ 50 ಮೀಟರಿನ ಎರಡು ಗುರುತುಗಳು ಬಹಳ ವರ್ಷ ಇದ್ದವು. ಬಣ್ಣ ಮಾಸಿದಾಗ ಹಿರಿಯ ತರಗತಿಯ ಮಕ್ಕಳೇ ಮತ್ತೆ ಬಳಿಯುತ್ತಿದ್ದರು. ಮೊನ್ನೆ ಮಹೋತ್ಸವದ ತಯಾರಿ ನೋಡಲು ಹೋದಾಗ ಕಾಂಪೌಂಡಿಗೆಲ್ಲ ಹೊಸದಾಗಿ ಬಣ್ಣ ಹೊಡೆದಿದ್ದರು, ಗುರುತುಗಳು ಒಳಗೆ ಮುಚ್ಚಿಹೋಗಿವೆ. ಟೇಪು ನನ್ನ ಹತ್ತಿರವೇ ಇದೆ. ಸಮಾರಂಭ ಮುಗಿದ ಮೇಲೆ ಒಂದು ಶನಿವಾರ ಬೆಳಿಗ್ಗೆ ನಾಲ್ಕು ಜನ ಮಕ್ಕಳನ್ನು ಕಳಿಸಿಕೊಟ್ಟರೆ ಮತ್ತೆ ಅಳೆದು ಹಾಕಿಕೊಡುತ್ತೇನೆಂದು ಈಗಿನ ವಿಜ್ಞಾನ ಶಿಕ್ಷಕರಿಗೆ ಹೇಳಿ ಬಂದಿದ್ದೇನೆ.